ಚಳಿನೀರಿನಲ್ಲಿ ಗಾಳ: ವಿಸ್ಕಾನ್ಸಿನ್ನಿನ ಮಸ್ಕಿಯಿಂದ ಕುವೈತಿನ ಸುಬೈತಿಯವರೆಗೆ

(ಮೈದಾನ್ ಹವಲ್ಲಿಯಲ್ಲಿ ನಡೆದ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯನ್ನೋ ರಕ್ತದ ಒತ್ತಡವನ್ನೋ ನಿರೀಕ್ಷಿಸುತ್ತಾರೆ. ಆ ಎರಡನ್ನೂ ಕುರಿತು ಇಲ್ಲಿ ಹಿಂದೆ ಮಾತುಗಳಾಗಿವೆ. ಕೇಳಿದವರು ಅದೇ ಸಂಜೆ ಹೋಳಿಗೆಯನ್ನು ಬಿಟ್ಟದ್ದನ್ನು ಮಾತ್ರ ನಾವು ಕಾಣೆವು. ಆದ್ದರಿಂದ ಕಾರ್ಯದರ್ಶಿಗಳು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಾಗ, ಇಪ್ಪತ್ತೈದು ವರ್ಷಗಳಿಂದ ನಮ್ಮನ್ನು ಹಿಡಿದಿರುವ ಒಂದು ಹವ್ಯಾಸದ ಬಗ್ಗೆ, ಅದರಲ್ಲೂ ನೀರು ತೀರ ತಣ್ಣಗಾದಾಗ ಮೀನಿಗೆ ಗಾಳ ಹಾಕುವ ಬಗ್ಗೆ ಮಾತನಾಡಬೇಕೆನಿಸಿತು. ಸಭೆಯಲ್ಲಿ ಮೀನನ್ನು ಮುಟ್ಟದವರೂ ಇದ್ದೀರಿ. ಅವರು ಮನ್ನಿಸಬೇಕು. ಇದು ಅಡಿಗೆಯ ಮಾತಲ್ಲ, ನೀರಿನ ಮಾತು.

ಮಸ್ಕಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಂಥವರಿಗೆ ನೆನಪಾಗುವುದು ರಾಯಚೂರು ಜಿಲ್ಲೆಯ ಮಸ್ಕಿ, 1915ರಲ್ಲಿ ಅಲ್ಲಿ ದೊರೆತ ಅಶೋಕನ ಶಾಸನ. ರೆಸಿಡೆನ್ಸಿಗೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋದ ಮೊದಲ ವಾರದಲ್ಲೇ ಆಸ್ಪತ್ರೆಯ ಊಟದ ಮನೆಯಲ್ಲಿ ಇಬ್ಬರು ಮಸ್ಕಿಯ ಬಗ್ಗೆ ಆವೇಶದಿಂದ ವಾದಿಸುತ್ತಿದ್ದುದನ್ನು ಕೇಳಿ, ಇವರಿಗೆ ನಮ್ಮ ಶಾಸನಶಾಸ್ತ್ರದಲ್ಲಿ ಇಷ್ಟೊಂದು ಆಸಕ್ತಿಯೇ ಎಂದು ನಾವು ಬೆರಗಾದದ್ದುಂಟು. ಅಲ್ಲಿ ಮಸ್ಕಿಯೆಂದರೆ ಮಸ್ಕಲಂಜ್ ಎಂಬ ಮೀನು. ಮೊಸಳೆಯಂಥ ಮೂತಿ, ಸೂಜಿಯ ಸಾಲಿನಂಥ ಹಲ್ಲು, ನಾಲ್ಕು ಅಡಿಯನ್ನೂ ಮೀರಬಲ್ಲ ದೇಹ. ಆ ರಾಜ್ಯ 1955ರಲ್ಲಿ ಅದನ್ನು ತನ್ನ ಅಧಿಕೃತ ಮೀನೆಂದು ಸಾರಿತು. ಹತ್ತು ಸಾವಿರ ಸಲ ಗಾಳ ಎಸೆದರೆ ಒಮ್ಮೆ ಸಿಕ್ಕುವ ಮೀನೆಂಬುದು ಅದರ ಖ್ಯಾತಿ. ನಮ್ಮ ಕಾವೇರಿ, ಕಬಿನಿಗಳ ಮಹಶೀರ್ ಇದಕ್ಕೆ ಸರಿಸಾಟಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಬಲ್ಲವರ ಮಾತಿನಲ್ಲಿದೆ. ಭೀಮೇಶ್ವರಿಯ ಕಡೆ ಅದಕ್ಕೆ ಎರೆಯಾಗಿ ಕಟ್ಟುತ್ತಿದ್ದುದು ರಾಗಿ ಹಿಟ್ಟಿನ ಉಂಡೆ! ಕನ್ನಡ ನಾಡಿನ ಮೀನೂ ಮುದ್ದೆಗೆ ಒಲಿಯುತ್ತದೆಂದು ನಾವು ಹೇಳಿದರೆ ಅಮೆರಿಕದ ಗೆಳೆಯರು ನಂಬುತ್ತಿರಲಿಲ್ಲ. ಆ ಹಿರಿಯ ಮೀನಿನ ತಳಿ ಇಂದು ಅಳಿವಿನ ಅಂಚಿನಲ್ಲಿರುವುದು ಬೇರೆಯೇ ಒಂದು ಉಪನ್ಯಾಸಕ್ಕೆ ವಸ್ತು.

ನಮಗೆ ಮಸ್ಕಿಯನ್ನು ತೋರಿಸಿಕೊಟ್ಟವನು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿದ್ದ ಒಬ್ಬ ರೋಗಿ. ನವೆಂಬರ್ ತಿಂಗಳ ಒಂದು ಭಾನುವಾರ, ಸರೋವರದ ಅಂಚಿನಲ್ಲಿ ಆಗಲೇ ತೆಳುವಾದ ಮಂಜುಗಡ್ಡೆ ಕಟ್ಟತೊಡಗಿದ್ದಾಗ, ನಮ್ಮನ್ನು ತನ್ನ ದೋಣಿಗೆ ಹತ್ತಿಸಿಕೊಂಡ. ಮೂರು ಗಂಟೆಗಳ ಕಾಲ ನಾವು ಉತ್ಸಾಹದಿಂದ ಗಾಳ ಎಸೆದೆವು, ರೀಲನ್ನು ಗರಗರನೆ ಸುತ್ತಿದೆವು. ಅವನು ಅಷ್ಟು ಹೊತ್ತೂ ಸುಮ್ಮನಿದ್ದು ಕೊನೆಗೆ ಒಂದೇ ಮಾತು ಹೇಳಿದ: “ಡಾಕ್ಟರೇ, ನೀವು ನಿಮ್ಮ ಎದೆಬಡಿತದ ಲೆಕ್ಕಕ್ಕೆ ಸುತ್ತುತ್ತಿದ್ದೀರಿ. ಕೆಳಗಿರುವವನ ಎದೆಬಡಿತದ ಲೆಕ್ಕಕ್ಕೆ ಸುತ್ತಿ.”

ಶರೀರಶಾಸ್ತ್ರವನ್ನು ಓದಿ ಪಾಸು ಮಾಡಿದ್ದ ನಮಗೆ ನಾಚಿಕೆಯಾಯಿತು. ಮೀನಿಗೆ ನಮ್ಮಂತೆ 37 ಡಿಗ್ರಿಯ ಒಳಗಿನ ಒಲೆಯಿಲ್ಲ. ನೀರಿನ ಉಷ್ಣತೆಯೇ ಅದರ ರಕ್ತದ ಉಷ್ಣತೆ. ಹತ್ತು ಡಿಗ್ರಿ ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ, ಇಪ್ಪತ್ತು ಇಳಿದರೆ ಕಾಲುಭಾಗಕ್ಕೆ. ಹೃದಯ ನಿಧಾನವಾಗುತ್ತದೆ, ಸ್ನಾಯು ನಿಧಾನವಾಗುತ್ತದೆ, ನುಂಗಿದ ಆಹಾರ ಜೀರ್ಣವಾಗಲು ಬೇಸಿಗೆಯಲ್ಲಿ ಬೇಕಾಗುವುದಕ್ಕಿಂತ ಹಲವು ಪಟ್ಟು ಹೊತ್ತು ಬೇಕಾಗುತ್ತದೆ. ಆದರೆ ಹಸಿವು ಇಲ್ಲವಾಗುವುದಿಲ್ಲ. ಗಾಳ ಹಾಕುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಎಡವುವುದು ಇಲ್ಲಿಯೇ. ಚಳಿಗೆ ಮೀನು ತಿನ್ನುವುದನ್ನು ಬಿಡುತ್ತದೆಂದು ಅವರು ಮನೆಗೆ ಹೋಗುತ್ತಾರೆ. ಅದು ಬಿಡುವುದಿಲ್ಲ. ತಿನ್ನುವ ಹೊತ್ತು ಕಿರಿದಾಗುತ್ತದೆ, ಬೆನ್ನಟ್ಟುವ ದೂರ ಕಿರಿದಾಗುತ್ತದೆ, ಅಷ್ಟೆ. ಖರ್ಚಿಗಿಂತ ಆದಾಯ ಹೆಚ್ಚೆಂದು ಖಾತ್ರಿಯಾದ ಹೊರತು ಅದು ಕದಲುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿರುವ ಸಂಬಳದಾರನಂತೆ ಎಂದುಕೊಳ್ಳಿ.

ವಿಸ್ಕಾನ್ಸಿನ್ನಿನವರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಬೇಸಿಗೆಯಲ್ಲಿ ಸರೋವರದ ನೀರು ಪದರ ಪದರವಾಗಿರುತ್ತದೆ: ಮೇಲೆ ಬೆಚ್ಚಗೆ, ಅಡಿಯಲ್ಲಿ ತಣ್ಣಗೆ. ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಭಾರವಾಗಿ ಇಳಿದು ಇಡೀ ಸರೋವರ ಕಲಸಿಹೋಗುತ್ತದೆ. ಆ ಕೆಲವು ದಿನ ಮೀನೂ ದಿಕ್ಕುಗೆಟ್ಟಂತಿರುತ್ತದೆ, ಹಿಡಿಯುವವನೂ ದಿಕ್ಕುಗೆಡುತ್ತಾನೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿರುವುದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಉಷ್ಣತೆ ಆ ಮಟ್ಟಕ್ಕೆ ಸಮೀಪಿಸಿದಾಗ ಸಿಸ್ಕೋ ಎಂಬ ಕೊಬ್ಬಿನ ಮೀನುಗಳು ಮೊಟ್ಟೆಯಿಡಲು ಕಲ್ಲಿನ ದಿಬ್ಬಗಳ ಮೇಲೆ ಬರುತ್ತವೆ. ದಿಬ್ಬ ಕಡಿದಾಗಿ ಆಳಕ್ಕೆ ಇಳಿಯುವ ಅಂಚಿನಲ್ಲಿ ಮಸ್ಕಿ ಹೊಂಚಿರುತ್ತದೆ. ಆಗ ಸಣ್ಣ ಎರೆಗಳಿಗೆ ಅದು ತಿರುಗಿಯೂ ನೋಡದು. ಒಂದು ಅಡಿಗೂ ಮೀರಿದ ಜೀವಂತ ಸಕರ್ ಮೀನನ್ನು ಕೊಕ್ಕೆಗೆ ಸಿಕ್ಕಿಸಿ, ದೋಣಿ ಚಲಿಸುತ್ತಿದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ಎಳೆದೊಯ್ಯಬೇಕು. ಒಂದೇ ಓಟಕ್ಕೆ ಒಂದು ವಾರದ ಊಟ ದೊರೆಯುವುದಾದರೆ ಮಾತ್ರ ಆ ಜಿಪುಣ ಹೊರಡುತ್ತಾನೆ. ಹಿಡಿದ ಮೇಲೆ ಬಿಟ್ಟುಬಿಡುವುದು ಅಲ್ಲಿನ ಬಹುಪಾಲು ಹವ್ಯಾಸಿಗಳ ನೇಮ. ಕೊರೆಯುವ ಗಾಳಿಯಲ್ಲಿ ಕ್ಷಣಕ್ಕಿಂತ ಹೆಚ್ಚು ಎತ್ತಿ ಹಿಡಿದರೆ ಕಿವಿರೂ ಕಣ್ಣೂ ಹಿಮಗಟ್ಟುವ ಅಪಾಯವಿರುವುದರಿಂದ, ಕೊಕ್ಕೆಯನ್ನು ನೀರಿನಲ್ಲೇ ಬಿಡಿಸುತ್ತಾರೆ. ಆ ದಿನ ನಮಗೆ ಮಸ್ಕಿ ಸಿಕ್ಕಲಿಲ್ಲ. ಆ ವರ್ಷವೂ ಸಿಕ್ಕಲಿಲ್ಲ.

ಈಗ ಕುವೈತಿಗೆ ಬರೋಣ. ಈ ಸಭಾಂಗಣದಿಂದ ನಡೆದು ಗಲ್ಫ್ ರಸ್ತೆಯನ್ನು ದಾಟಿದರೆ ಕಡಲು. ಇಲ್ಲಿ ಬೇಸಿಗೆಯ ಕಾವನ್ನು ಕಂಡ ನಮ್ಮವರಿಗೆ ಈ ಕಡಲು ತಣ್ಣಗಾಗುತ್ತದೆಂದರೆ ನಂಬಿಕೆ ಬಾರದು. 2020ರ ಜುಲೈ ಕೊನೆಯಲ್ಲಿ ಕುವೈತ್ ಕೊಲ್ಲಿಯ ನೀರಿನ ಉಷ್ಣತೆ 37.6 ಡಿಗ್ರಿ ದಾಖಲಾಯಿತು. ಆರೋಗ್ಯವಂತ ಮನುಷ್ಯನ ಮೈಗಿಂತ ಬಿಸಿ! ಅದೇ ಕೊಲ್ಲಿಯ ನೀರು ಜನವರಿಯಲ್ಲಿ 13-14 ಡಿಗ್ರಿಗೆ ಇಳಿಯುತ್ತದೆ. ಮಲ್ಪೆ, ಗಂಗೊಳ್ಳಿಗಳ ಕಡಲು ವರ್ಷವಿಡೀ 27-30ರ ಆಸುಪಾಸಿನಲ್ಲಿ ತೂಗುತ್ತಿರುವುದಕ್ಕೆ ಇದನ್ನು ಹೋಲಿಸಿ ನೋಡಿ. ಕಾರಣ ಗಹನವಾದುದೇನಲ್ಲ. ಕೊಲ್ಲಿಯ ಸರಾಸರಿ ಆಳ ಐದು ಮೀಟರಿನಷ್ಟು ಮಾತ್ರ. ಅಗಲವಾದ ತಟ್ಟೆಯಲ್ಲಿ ಹೊಯ್ದ ಕಾಫಿಯಂತೆ ಅದು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಚಳಿಗಾಲದಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಒಣದೂ ಹೌದು, ತಣ್ಣನೆಯದೂ ಹೌದು. ಅದು ನೀರನ್ನು ಆವಿಯಾಗಿಸುತ್ತ ಇನ್ನಷ್ಟು ತಣಿಸುತ್ತದೆ. ನಮ್ಮ ಹೂಜಿಯ ನೀರಿನ ನ್ಯಾಯವೇ ಇದು.

ಇಲ್ಲಿನ ಹಿರಿಯರು ಚಳಿಯನ್ನು ನಕ್ಷತ್ರಗಳಿಂದ ಎಣಿಸುತ್ತಾರೆ. ಡಿಸೆಂಬರ್ ಮೊದಲ ವಾರದಲ್ಲಿ ನಲವತ್ತು ದಿನಗಳ ಮರ್ಬಾನಿಯ್ಯ ಆರಂಭ. ಜನವರಿಯ ನಡುವಿನಿಂದ ಶಬಾತ್. ಎಲುಬಿಗೆ ತಾಗುವ ಚಳಿ ಇದರದು. ಫೆಬ್ರವರಿಯ ಕೊನೆಗೆ ಬರ್ದ್ ಅಲ್-ಅಜೂಜ್, ಅಂದರೆ ಮುದುಕಿಯ ಚಳಿ. ಮೃಗಶಿರಾ, ಆರಿದ್ರಾ ಎಂದು ಮಳೆಯನ್ನು ಎಣಿಸುವ ಮನೆಗಳಿಂದ ಬಂದ ನಮಗೆ ಈ ಲೆಕ್ಕ ಪರಕೀಯವೆನಿಸಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದೆಂಬ ನಮ್ಮ ಮಾತಿಗೂ ಮುದುಕಿಯ ಚಳಿಗೂ ಕಾಲ ಹೆಚ್ಚುಕಡಿಮೆ ಒಂದೇ.

ಈ ಕಾಲದ ಮೀನೆಂದರೆ ಸುಬೈತಿ. ಶೇಮ್ ಎಂಬುದು ಅದರ ದಾಯಾದಿ. ಶರ್ಕ್‌ನ ಮೀನುಮಾರುಕಟ್ಟೆಯಲ್ಲಿ ನೀವೆಲ್ಲ ನೋಡಿರುತ್ತೀರಿ: ಬೆಳ್ಳಿಯ ಬಣ್ಣದ, ಎತ್ತರದ ಬೆನ್ನಿನ, ಏಡಿಯ ಚಿಪ್ಪನ್ನು ಪುಡಿಮಾಡುವ ದವಡೆಯ ಮೀನು. ಹಮೂರ್, ಅಂದರೆ ಮಂಗಳೂರಿನವರ ಮುರು ಮೀನು, ಬೆಚ್ಚನೆಯ ನೀರನ್ನು ಬಯಸುವಂಥದು. ಸುಬೈತಿ ಹಾಗಲ್ಲ, ಅದು ಮೊಟ್ಟೆಯಿಡುವುದೇ ಚಳಿಗಾಲದಲ್ಲಿ. ಚಳಿಯಲ್ಲಿ ಅದರ ಮನಸ್ಸು ದಡದ ಕಡೆಗೂ ದೇಹ ಆಳದ ಕಡೆಗೂ ಎಳೆಯುತ್ತಿರುತ್ತದೆ. ಗಾಳದವನ ಜಾಣತನವೆಲ್ಲ ಈ ಎಳೆದಾಟದ ನಡುವಿನ ಹೊತ್ತನ್ನು ಹಿಡಿಯುವುದರಲ್ಲಿದೆ.

ಊರಿನ ರೂಢಿಯಂತೆ ನಾವು ಮೊದಲ ಚಳಿಗಾಲಗಳಲ್ಲಿ ಬೆಳಗಿನ ಜಾವಕ್ಕೇ ಹೋಗುತ್ತಿದ್ದೆವು. ಫಜರ್ ನಮಾಜಿನ ಹೊತ್ತಿಗೆ ಹೋಗಿ, ಕೈ ಮರಗಟ್ಟಿಸಿಕೊಂಡು, ಬರಿಗೈಯಲ್ಲಿ ಆಸ್ಪತ್ರೆಯ ಪಾಳಿಗೆ ಮರಳುತ್ತಿದ್ದೆವು. ಬೇಸಿಗೆಯಲ್ಲಿ ಸರಿಯಾದ ಆ ಹೊತ್ತು ಚಳಿಗಾಲದಲ್ಲಿ ತೀರ ತಪ್ಪು. ರಾತ್ರಿಯ ಇಳಿತದಲ್ಲಿ ಬಯಲಾದ ಕೆಸರಿನ ಹಾಸು ಬೆಳಗಾಗುವುದರೊಳಗೆ ಕೊರೆಯುತ್ತಿರುತ್ತದೆ. ಅದರ ಮೇಲೆ ಏರಿಬರುವ ನೀರು ಇನ್ನೂ ತಣ್ಣಗಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನಡುಹಗಲಿನಲ್ಲಿ ಇಳಿತವಿದ್ದರೆ ಕಪ್ಪು ಕೆಸರು ನಾಲ್ಕು ಗಂಟೆಗಳ ಕಾಲ ಬಿಸಿಲು ಕುಡಿದಿರುತ್ತದೆ. ಅಪರಾಹ್ನದ ಭರತ ಅದರ ಮೇಲೆ ಹರಿದಾಗ ನೀರಿಗೆ ಒಂದೆರಡು ಡಿಗ್ರಿಯ ಕಾವು ತಗಲುತ್ತದೆ. ನಮಗೆ ಅದು ತಿಳಿಯದು. ಮೀನಿಗೆ ಅದು ಹಬ್ಬ. ಏಡಿ, ಸಿಗಡಿಗಳು ಹೊರಬರುತ್ತವೆ, ಅವುಗಳ ಹಿಂದೆ ಸುಬೈತಿ ಆಳದ ಕಾಲುವೆಯಿಂದ ಏರುತ್ತದೆ. ಆದುದರಿಂದ ಶಮಾಲ್ ಬೀಸುತ್ತಿರುವಾಗ ಮನೆಯಲ್ಲಿದ್ದು, ಅದು ನಿಂತ ಎರಡನೆಯ ಅಥವಾ ಮೂರನೆಯ ದಿನ, ಭರತ-ಇಳಿತದ ಪಟ್ಟಿಯನ್ನು ನೋಡಿ, ಊಟ ಮುಗಿಸಿ ನಿಧಾನವಾಗಿ ಹೊರಡಬೇಕು. ಹೆಂಗಸರು ಮೆಚ್ಚುವ ಏಕೈಕ ಮೀನುಗಾರಿಕೆಯ ವೇಳಾಪಟ್ಟಿ ಇದೇ ಎಂದು ನಮ್ಮ ಮನೆಯವರ ಅಭಿಪ್ರಾಯ.

ಎರೆಯ ವಿಷಯದಲ್ಲಿ ಮಾತ್ರ ವಿಸ್ಕಾನ್ಸಿನ್ನಿನ ಪಾಠ ಇಲ್ಲಿ ತಲೆಕೆಳಗು. ಮಸ್ಕಿ ಇಡಿಯಾಗಿ ನುಂಗುವ ಜಾತಿ, ಸುಬೈತಿ ಜಗಿಯುವ ಜಾತಿ. ತಣ್ಣೀರಿನಲ್ಲಿ ದೊಡ್ಡ ತುಂಡನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಬೊಂಡಾಸಿನ ಪಟ್ಟಿ, ಸಿಪ್ಪೆ ಸುಲಿದ ಹಸಿ ಸಿಗಡಿ, ಒಡೆದ ಏಡಿ, ಇವು ಸಾಕು. ಕೆಡದ, ಆದರೆ ವಾಸನೆ ಹರಡುವ ಎರೆಯಾಗಿರಬೇಕು. ದಾರ ತೆಳುವಾಗಿರಬೇಕು, ಏಕೆಂದರೆ ಚಳಿಗಾಲದಲ್ಲಿ ಗಾಳಿ ನಿಂತ ದಿನಗಳಲ್ಲಿ ನೀರು ತಿಳಿಯಾಗಿ, ಮೀನಿಗೆ ಪರೀಕ್ಷಿಸಲು ಬೇಕಾದಷ್ಟು ಬಿಡುವೂ ಇರುತ್ತದೆ. ಸೀಸದ ಗುಂಡು ದಾರದ ಮೇಲೆ ಸರಾಗವಾಗಿ ಜಾರುವಂತಿದ್ದರೆ ಎರೆಯನ್ನು ಎಳೆದ ಮೀನಿಗೆ ಭಾರ ತಾಗುವುದಿಲ್ಲ. ಇನ್ನು ಕಚ್ಚುವುದೋ, ಬೇಸಿಗೆಯ ಜಗ್ಗಾಟವನ್ನು ನಿರೀಕ್ಷಿಸಬೇಡಿ. ಕೋಲಿನ ತುದಿ ಒಮ್ಮೆ ಉಸಿರೆಳೆದಂತೆ ಬಾಗಿ ಅಲ್ಲಿಯೇ ನಿಲ್ಲುತ್ತದೆ. ಎಣಿಸಿ: ಒಂದು, ಎರಡು, ಮೂರು, ನಾಲ್ಕು. ಆಮೇಲೆ ಎತ್ತಿ. ಒಂದಕ್ಕೇ ಎತ್ತುವವರು ನಮ್ಮಲ್ಲಿ ಬಹಳ. ಎಕ್ಸ್-ರೇ ತೆಗೆಯುವ ಮೊದಲೇ ರೋಗ ಹೇಳುವ ವೈದ್ಯರಂತೆ.

ವಿದ್ಯುತ್ ಸ್ಥಾವರಗಳು ಹೊರಬಿಡುವ ಬೆಚ್ಚನೆಯ ನೀರಿಗೆ ಮೀನು ಮುತ್ತುತ್ತದೆಂದು ಕೇಳಿ ಕೆಲವರಿಗೆ ಆಸೆಯಾಗಿರಬಹುದು. ಆ ಆಸೆ ಬೇಡ, ಅಲ್ಲಿ ಭದ್ರತೆಯ ಬೇಲಿಯಿದೆ. ಕೊಲ್ಲಿಯೊಳಗಣ ಮೀನುಗಾರಿಕೆಗೂ ನಿರ್ಬಂಧಗಳಿವೆ. 2014ರ 42ನೆಯ ಪರಿಸರ ಸಂರಕ್ಷಣಾ ಕಾನೂನಿನ ಅನಂತರ ದಂಡಗಳು ಸಣ್ಣವಲ್ಲ. ನಾವು ವೀಸಾದ ಮೇಲೆ ಬದುಕುವವರು. ಎಲ್ಲಿ, ಯಾವಾಗ, ಯಾವುದಕ್ಕೆ ಅನುಮತಿಯಿದೆಯೆಂದು ಕೇಳಿ ತಿಳಿಯದೆ ಈ ಮೈದಾನ್ ಹವಲ್ಲಿಯ ದಡದಲ್ಲಿ ಗಾಳ ಇಳಿಸಬಾರದು. ಇನ್ನೊಂದು ಸಂಗತಿ: ಸುಬೈತಿ ಹುಟ್ಟಿನಲ್ಲಿ ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಚಳಿಗಾಲದಲ್ಲಿ ಕೊಕ್ಕೆಗೆ ಬರುವ ಅತಿ ದೊಡ್ಡ ಮೀನೆಂದರೆ ಮೊಟ್ಟೆ ತುಂಬಿದ ತಾಯಿ. ಬಸುರಿಯನ್ನು ಮನೆಗೆ ತರುವಾಗ ನಾವು ಸಂಪ್ರದಾಯವೆಷ್ಟು ನೋಡುತ್ತೇವೆ! ಆದ್ದರಿಂದ ಮಧ್ಯಮ ಗಾತ್ರದ್ದನ್ನು ಅಡಿಗೆಗೆ ಇಟ್ಟುಕೊಂಡು ದೊಡ್ಡದನ್ನು ಬಿಡುವುದು ನಮ್ಮ ಪದ್ಧತಿ. ಗೆಳೆಯರು ಇದನ್ನು ಹುಚ್ಚೆನ್ನುತ್ತಾರೆ. ಅನ್ನಲಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ವಿಷಯವನ್ನು ಇಂದು ಆರಿಸಿಕೊಂಡುದಕ್ಕೆ ನಿಜವಾದ ಕಾರಣ ಬೇರೆ ಇದೆ.

ಕೆಲವು ವರ್ಷಗಳ ಹಿಂದೆ, ಶಬಾತ್‌ನ ಒಂದು ಶುಕ್ರವಾರ, ದಕ್ಷಿಣದ ಕರಾವಳಿಯ ಒಂದು ಕಲ್ಲುಕಟ್ಟೆಯ ಮೇಲೆ ನಾವೂ ನಮ್ಮ ಸ್ನೇಹಿತರೊಬ್ಬರೂ ಕುಳಿತಿದ್ದೆವು. ಅವರು ಮಲ್ಪೆಯ ಕಡೆಯವರು, ಕಡಲಿನಲ್ಲೇ ಆಡಿ ಬೆಳೆದವರು. ನೀರಿನ ಬಗ್ಗೆ ಅವರಿಗೆ ಹೇಳಲು ಹೋಗುವುದೇ ಅವಿವೇಕವೆಂದು ನಾವು ಭಾವಿಸಿದ್ದೆವು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಅದೇ ಕ್ಷಣಕ್ಕೆ ಸರಿಯಾಗಿ ನಮ್ಮ ಕೋಲಿನ ತುದಿ ಬಾಗಿ ನಿಂತಿತ್ತು. ಈ ಮಾತನ್ನು ಸಭೆಯಲ್ಲಿ ಹೇಳಲು ಸಂಕೋಚವಿದೆ, ಆದರೂ ಹೇಳಬೇಕು: ನೀರಿಗೆ ಬಿದ್ದ ಸದ್ದು ಕಿವಿಗೆ ಬಿದ್ದ ಮೇಲೂ ನಾವು ಮೂರು, ನಾಲ್ಕು ಎಂದು ಎಣಿಸಿ ಮುಗಿಸಿದೆವು. ಈಜು ಬಲ್ಲವರು, ನಗುತ್ತ ಹತ್ತಿ ಬರುತ್ತಾರೆಂದು ಎಣಿಸಿದ್ದೆವು.

ಅವರು ನಗುತ್ತಿರಲಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು, ಕೂಗಲು ದನಿಯಿರಲಿಲ್ಲ. ದಪ್ಪ ಜಾಕೆಟ್ಟು, ಬೂಟುಗಳು ನೀರು ಕುಡಿದಿದ್ದವು. ನಾವು ಹಗ್ಗ ಎಸೆದೆವು. ಹಿಡಿದರು, ಬೆರಳು ಬಿಗಿಯಲಿಲ್ಲ, ಹಗ್ಗ ಜಾರಿತು. ಮತ್ತೆ ಎಸೆದೆವು, ಮತ್ತೆ ಜಾರಿತು. ದೂರದಲ್ಲಿ ಗಾಳ ಹಾಕುತ್ತಿದ್ದ ಈಜಿಪ್ಟಿನ ಇಬ್ಬರು ಓಡಿಬಂದು, ಒಬ್ಬ ಕಲ್ಲುಗಳ ನಡುವೆ ಎದೆಮಟ್ಟ ಇಳಿದು ಕೊರಳಪಟ್ಟಿಯನ್ನು ಹಿಡಿದೆತ್ತದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತು. ಒಟ್ಟು ಏಳೆಂಟು ನಿಮಿಷವಾಗಿರಬಹುದು.

ನಡೆದದ್ದೇನೆಂದರೆ, ತಣ್ಣೀರಿಗೆ ಹಠಾತ್ತಾಗಿ ಬಿದ್ದವನನ್ನು ಮೊದಲು ಕೊಲ್ಲುವುದು ಚಳಿಯಲ್ಲ, ಉಸಿರು. ಚರ್ಮಕ್ಕೆ ತಣ್ಣೀರು ತಗಲಿದೊಡನೆ ಅಪ್ರಯತ್ನವಾಗಿ ದೀರ್ಘವಾದ ಉಸಿರು ಒಳಗೆ ಹೋಗುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ನೀರು. ಮೊದಲ ಒಂದೆರಡು ನಿಮಿಷ ಈ ಏದುಸಿರು ಹಿಡಿತಕ್ಕೆ ಬಾರದು, ರಕ್ತದ ಒತ್ತಡ ಏರುತ್ತದೆ. ಹೃದಯದ ತೊಂದರೆಯಿರುವವರಿಗೆ ಅಲ್ಲಿಯೇ ಅಪಾಯ. ಅನಂತರದ ಹತ್ತಾರು ನಿಮಿಷಗಳಲ್ಲಿ ಕೈಕಾಲಿನ ಸ್ನಾಯುಗಳು ಸೋಲುತ್ತವೆ, ಬೆರಳು ಹಗ್ಗವನ್ನು ಹಿಡಿಯದು, ಈಜು ಬಲ್ಲವನೂ ಈಜಲಾರ. ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ನೀರು ದೇಹದ ಕಾವನ್ನು ಒಯ್ಯುತ್ತದೆ. ಆದರೂ ಮೈ ಪೂರ್ತಿ ತಣಿದು ಪ್ರಜ್ಞೆ ತಪ್ಪುವುದು ಬಹಳ ತಡವಾಗಿ. ಅಷ್ಟರವರೆಗೆ ತೇಲುತ್ತಿದ್ದರೆ ಬದುಕಬಹುದು. ತೇಲಿಸುವುದು ತೇಲುಜಾಕೆಟ್ಟೊಂದೇ. ಅದು ಅಂದು ನಮ್ಮ ಕಾರಿನ ಡಿಕ್ಕಿಯಲ್ಲಿಯೂ ಇರಲಿಲ್ಲ. ಮೀನಿನ ರಕ್ತದ ಉಷ್ಣತೆಯನ್ನು ಅರೆ ಡಿಗ್ರಿಯವರೆಗೆ ಲೆಕ್ಕ ಹಾಕಿದ ವೈದ್ಯರು ಪಕ್ಕದಲ್ಲಿ ಕುಳಿತ ಮನುಷ್ಯನದನ್ನು ಲೆಕ್ಕ ಹಾಕಿರಲಿಲ್ಲ.

ಆದುದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಗಮನಿಸಿ. ಬಿದ್ದವರು ಮೊದಲ ನಿಮಿಷ ಈಜಲು ಹೋಗದೆ, ಮುಖ ಮೇಲೆ ಮಾಡಿ ತೇಲಿ, ಉಸಿರು ತಹಬಂದಿಗೆ ಬಂದ ಮೇಲೆ ಕೈಕಾಲು ಆಡಿಸಬೇಕು. ಎತ್ತುವವರು ಹಗ್ಗದ ತುದಿಯಲ್ಲಿ ತೋಳು ತೂರುವಷ್ಟು ದೊಡ್ಡ ಕುಣಿಕೆ ಹಾಕಿಟ್ಟಿರಬೇಕು, ಬೆರಳನ್ನು ನಂಬಬಾರದು. ಮೇಲೆ ತಂದ ಮೇಲೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, 112ಕ್ಕೆ ಫೋನ್ ಮಾಡಬೇಕು. ಕೈಕಾಲು ತಿಕ್ಕಬಾರದು, ನಡೆಸಬಾರದು. ತಣ್ಣನೆಯ ರಕ್ತ ಹೃದಯಕ್ಕೆ ನುಗ್ಗಿ ಅದರ ಲಯ ಕೆಡಬಹುದು. ನಡುಗುತ್ತಿದ್ದರೆ ಒಳ್ಳೆಯದು. ನಡುಕ ನಿಂತು ಮಾತು ತೊದಲಿದರೆ ಗಾಬರಿಯಾಗಬೇಕು. ಬ್ರಾಂದಿ ಕುಡಿಸುವುದು ಸಿನಿಮಾದವರ ಚಿಕಿತ್ಸೆ. ಅದರಿಂದ ಕಾವು ಇನ್ನೂ ಹೊರಗೆ ಹೋಗುತ್ತದೆ. ಈ ದೇಶದಲ್ಲಿ ಹೇಗೂ ಆ ಪ್ರಶ್ನೆ ಏಳುವುದಿಲ್ಲವೆನ್ನಿ.

ಸ್ನೇಹಿತರು ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಅವರ ಶ್ರೀಮತಿಯವರು ನಮ್ಮೊಡನೆ ಬಹಳ ಕಾಲ ಸರಿಯಾಗಿ ಮಾತನಾಡಲಿಲ್ಲ, ಅದರಲ್ಲಿ ತಪ್ಪೂ ಇರಲಿಲ್ಲ. ಎಣಿಕೆಯ ವಿಷಯವನ್ನು ನಾವು ಸ್ನೇಹಿತರಿಗೆ ಹೇಳಿದ್ದು ಒಂದು ವರ್ಷದ ಮೇಲೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೀನು ಬಂತಾ ಮಾರಾಯ್ರೆ?” ಎಂದು ಕೇಳಿದರು. ಬಂದಿರಲಿಲ್ಲ.

ಈಗ ಪ್ರತಿ ವರ್ಷ ಶಬಾತ್ ಕಾಲಿಟ್ಟ ವಾರ ಅವರದೇ ಫೋನ್ ಬರುತ್ತದೆ. ಭರತ ಎಷ್ಟು ಗಂಟೆಗೆಂದು ಅವರು ನೋಡಿಟ್ಟಿರುತ್ತಾರೆ. ತೇಲುಜಾಕೆಟ್ಟುಗಳು ಅವರ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿವೆ, ಒಟ್ಟು ಆರು. ನಮ್ಮೊಡನೆ ಬರಬಯಸುವ ಮಕ್ಕಳ ಹೆಸರುಗಳನ್ನು ಊಟದ ಅನಂತರ ಕಾರ್ಯದರ್ಶಿಗಳ ಬಳಿ ಬರೆಸಬಹುದು. ನಾಲ್ಕು ಮಂದಿಗೆ ಮಾತ್ರ ಜಾಗವಿದೆ.